ಡಾಕ್ಟರ ಮಂಚ ಕಾಯುತ್ತಿದ್ದವರು

ಪುಣೆಯ ಹಳೆ ಪೇಟೆಯಲ್ಲಿ ಹಿಂದಿನ ಕಾಲದ ಡಾಕ್ಟರೊಬ್ಬರ ಮನೆ ಈಗ ವೈದ್ಯಕೀಯ ವಸ್ತುಸಂಗ್ರಹಾಲಯವಾಗಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ವಿಜಯಪುರದ ಕಡೆಯವರು. ಊರಿನಿಂದ ಬಂದ ನೆಂಟರನ್ನೆಲ್ಲ ನಾನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಗಾಜಿನ ಸಿರಿಂಜು, ಹಲ್ಲು ಕೀಳುವ ಇಕ್ಕಳಗಳನ್ನು ತಾವೇ ಕಂಡುಹಿಡಿದವರಂತೆ ಅವರು ಗದ್ದ ಎತ್ತಿ ತೋರಿಸುತ್ತಿದ್ದರು. ಯಾರಾದರೂ ಹತ್ತಿರ ಬಾಗಿದರೆ ಸಾಕು, ‘ಮುಟ್ಟಬ್ಯಾಡ್ರಿ, ಇತಿಹಾಸ ಅದ’ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಲ್ಲೇ ನನ್ನ ಅವ್ವನಿಗೆ ತಲೆ ತಿರುಗಿತು. ಎದುರಿಗೇ ರೋಗಿಗಳನ್ನು ಮಲಗಿಸಿ ನೋಡುತ್ತಿದ್ದ ಮಂಚವಿತ್ತು. ಆಕೆಯನ್ನು ಅತ್ತ ನಡೆಸಿದ್ದೇ ತಡ, ಅವರು ಕೈ ಚಾಚಿ ಅಡ್ಡ ನಿಂತರು.

‘ಇಲ್ಲಿ ಮಲಗೂ ಹಂಗಿಲ್ರಿ. ಇದರ ಮ್ಯಾಲೆ ಸಾಹೇಬ್ರು ಪೇಶಂಟ್ ನೋಡತಿದ್ರು.’

‘ಈಕಿನೂ ಪೇಶಂಟೇ ಅದಾಳಲ್ರಿ!’

‘ಹೊರಗ ಬೇಕಾದಷ್ಟು ದವಾಖಾನಿ ಅದಾವ್ರಿ.’

ಅವರನ್ನು ಬದಿಗೆ ಸರಿಸಿ ಅವ್ವನನ್ನು ಮಲಗಿಸಿದೆ. ಆಕೆಗೆ ಎಚ್ಚರ ತಪ್ಪಿತು. ಅವರು ಒಳಗೆ ಓಡಿದರು. ನೀರಿಗೆ ಹೋದರೆಂದುಕೊಂಡೆ. ಬಂದಾಗ ಕೈಯಲ್ಲಿದ್ದದ್ದು ಹಳೆಯ ಪೇಪರು. ಮಂಚಕ್ಕೆ ಧೂಳು ತಾಗಬಾರದೆಂದು ಅವ್ವನ ಕಾಲೆತ್ತಿ ಚಪ್ಪಲಿಯ ಕೆಳಗೆ ಅದನ್ನು ಹಾಸತೊಡಗಿದರು.

ಅಷ್ಟರಲ್ಲಿ ಅವ್ವ ಕಣ್ಣು ಬಿಟ್ಟಳು. ಕಾಲ ಬಳಿ ಬಾಗಿದ್ದ ಅವರನ್ನು ಕಂಡು, ತನ್ನ ಆರೈಕೆ ಮಾಡುತ್ತಿದ್ದಾರೆಂದು ತಿಳಿದು, ‘ದೇವರು ನಿನ್ನ ಚಲೋ ಇಟ್ಟಿರ್ಲಿ, ಯಪ್ಪಾ’ ಎಂದು ಹರಸಿದಳು.