ಮೈಕ್ ಮಾವ ಕೆರೆದ ತೊಟ್ಟಿಲು

ಚರ್ಚಿನ ಸಭೆಯಲ್ಲಿ ಎಲ್ಲರಿಗೂ ಅವನು ಮೈಕ್ ಮಾವ. ಪ್ರಾರ್ಥನೆಗೆ ನಿಂತರೆ ಅವನಿಗೆ ಮೈಕಿನ ಹಂಗಿರಲಿಲ್ಲ. ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ಬೆಚ್ಚಿ ಎದ್ದು ಆಮೆನ್ ಅನ್ನುತ್ತಿದ್ದರು. ಹೊಸ ಮನೆಯಾಗಲಿ, ಆಪರೇಷನ್ ಆಗಲಿ, ಸಾವಾಗಲಿ, ಅವನಿಗೆ ಕರೆ ಹೋಗಲೇಬೇಕು. ಕಸುಬು ಮರಕ್ಕೆ ಪಾಲಿಶ್ ಹಾಕುವುದು. ಹಗಲೆಲ್ಲ ವಾರ್ನಿಷ್ ವಾಸನೆಯ ಸಣ್ಣ ಅಂಗಡಿಯಲ್ಲಿ ಕುರ್ಚಿಕಾಲುಗಳ ಜೊತೆ ಗುದ್ದಾಡುವವನಿಗೆ ಸಂಜೆ ಅಷ್ಟು ಮಾತು ಎಲ್ಲಿಂದ ಬರುತ್ತಿತ್ತೋ ಆ ದೇವರಿಗೇ ಗೊತ್ತು. ಹೊಗಳಿಸಿಕೊಳ್ಳುವುದೆಂದರೆ ಅವನಿಗೆ ಪ್ರಾಣ, ಅದರಲ್ಲಿ ಮುಚ್ಚುಮರೆಯೇನಿಲ್ಲ.

ಹೆಂಡತಿ ಬೇಗ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು. ಮದುವೆಯಾಗಿ ಎರಡು ಬೀದಿಯಾಚೆ ಇದ್ದ ಅವಳು ಬಸುರಿ ಎಂದು ತಿಳಿದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲಿಂದಲೋ ಹಳೆಯ ತೊಟ್ಟಿಲೊಂದನ್ನು ಹುಡುಕಿ ತಂದ. ಹಳೆಯ ಬಣ್ಣ ಕೆರೆದು, ತೆಳ್ಳಗೆ ಒಂದು ಪದರ ವಾರ್ನಿಷ್ ಹಚ್ಚಿ, ಒಣಗಲು ಬಿಟ್ಟು, ಉಜ್ಜಿ, ಮತ್ತೆ ಹಚ್ಚಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಭಾನುವಾರದೊಳಗೆ ಅದನ್ನು ಸಭೆಯವರಿಗೆ ತೋರಿಸಬೇಕಿತ್ತಲ್ಲ! ಕೆರೆಯುವ ಗೋಜಿಗೇ ಹೋಗದೆ ಒಂದೇ ಸಲಕ್ಕೆ ದಪ್ಪಗೆ ಬಳಿದ. ತೊಟ್ಟಿಲು ಕನ್ನಡಿಯ ಹಾಗೆ ಹೊಳೆಯಿತು. ಎಲ್ಲರೂ ದೂರದಿಂದ ನೋಡಿ ಹೊಗಳಿದರು, ಮುಟ್ಟಿ ನೋಡಿದವರು ಯಾರೂ ಇಲ್ಲ. ಅಲ್ಲಿಂದ ಅದು ಮಗಳ ಮನೆ ಸೇರಿತು.

ಮಗು ಸತ್ತೇ ಹುಟ್ಟಿತು.

ಮಣ್ಣಾದ ಮೇಲೆ ಸಭೆಯವರು ಮಗಳ ಮನೆಯಲ್ಲಿ ಸೇರಿದರು. ಸಭಾಪಾಲಕರು ಅವನ ಕಡೆ ನೋಡಿದ್ದೇ ತಡ, ಎದ್ದು ನಿಂತ. "ಪರಲೋಕದ ತಂದೆಯೇ, ನೀನು ಮಾಡುವುದೆಲ್ಲ ಒಳ್ಳೆಯದಕ್ಕೇ. ಈ ದಿನಕ್ಕಾಗಿಯೂ ನಿನಗೆ ಸ್ತೋತ್ರ." ದನಿ ಏರಿತು, ಇಳಿಯಿತು, ನಡುಗಬೇಕಾದಲ್ಲಿ ಸರಿಯಾಗಿ ನಡುಗಿತು. ಹೆಂಗಸರು ಕಣ್ಣೊರೆಸಿಕೊಂಡರು. ಆಮೆನ್ ಅಂದು ಕಣ್ಣು ಬಿಟ್ಟಾಗ ಮಗಳ ಕುರ್ಚಿ ಖಾಲಿಯಿತ್ತು, ಒಳಕೋಣೆಯ ಬಾಗಿಲು ಹಾಕಿತ್ತು.

ಆಮೇಲೆ ಅವಳು ಅವನ ಜೊತೆ ಮಾತು ಬಿಟ್ಟಳೆಂದೇ ಹೇಳಬೇಕು. ಹೋದರೆ ನೀರು ಕೊಡುತ್ತಿದ್ದಳು, ಕೂರು ಅನ್ನುತ್ತಿದ್ದಳು, ಅಷ್ಟೇ. ದಿನ ಹೋದ ಹಾಗೆ ಸರಿಹೋಗುತ್ತಾಳೆ ಎಂದು ಅವನೂ ಕಾದ. ಇದ್ದವಳೊಬ್ಬಳೂ ಕೈತಪ್ಪುತ್ತಿದ್ದಾಳೆ ಅನ್ನಿಸಿ ಒಂದು ಸಂಜೆ ತಡೆಯಲಾಗಲಿಲ್ಲ.

"ಪ್ರಾರ್ಥನೆ ಮಾಡ್ಲಾ ಮಗಳೇ?"

"ಮಾಡಪ್ಪ. ಈಗ ಇಲ್ಲಿ ಯಾರೂ ಇಲ್ಲ. ನನಗೋಸ್ಕರ ಮಾಡು."

"ಪ್ರೀತಿಯುಳ್ಳ ತಂದೆಯೇ, ಈ ಅಮೂಲ್ಯ ಸಮಯಕ್ಕಾಗಿ..."

"ಇದು ದರ್ಜಿ ಮನೆ ಸಾವಲ್ಲಿ ಮಾಡಿದ್ದು. ಬೇರೆ ಮಾಡು."

ಮತ್ತೆ ಕಣ್ಣು ಮುಚ್ಚಿದ. ನಾಲಿಗೆಯ ತುದಿಗೆ ಬಂದದ್ದೆಲ್ಲ ಯಾರದೋ ಮನೆಯಲ್ಲಿ ಹೇಳಿಯಾದ ಮಾತೇ.

"ಬರ್ತಿಲ್ಲ ಅಲ್ವಾ," ಅಂದಳು ಮಗಳು. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. "ಅವತ್ತು ನೀನು ಸ್ತೋತ್ರ ಹೇಳ್ತಿರೋವಾಗ ನನಗೆ ಹಾಲು ಸೋರ್ತಿತ್ತಪ್ಪ. ಮಗೂನ ಒಂದ್ಸಲ ಎತ್ಕೊಂಡು ನೋಡ್ಲಿಲ್ಲ ನೀನು. ಬಂದವರಿಗೆ ಕುರ್ಚಿ ಹಾಕ್ತಿದ್ದೆ."

ಅವಳು ಮೂಲೆಯ ಕಡೆ ಕೈ ತೋರಿಸಿದಳು.

"ಆ ತೊಟ್ಟಿಲು ತಗೊಂಡ್ಹೋಗು. ಆಸ್ಪತ್ರೆಗೆ ಹೋಗೋ ಮುಂಚೆ ಮಗು ಬಟ್ಟೆ ಅದರ ಮೇಲೆ ಹಾಕಿಟ್ಟಿದ್ದೆ. ಅಂಟ್ಕೊಂಡುಬಿಟ್ಟಿತ್ತು. ಬಿಡಿಸೋಕೆ ಹೋದ್ರೆ ಹರಿದುಹೋಯ್ತು."

ತೊಟ್ಟಿಲಿನ ಅಂಚಿನಲ್ಲಿ ಬಿಳಿಯ ಎಳೆಗಳು ಕಚ್ಚಿಕೊಂಡಿದ್ದವು. ಹೆಬ್ಬೆರಳಿನಿಂದ ಒತ್ತಿದ. ಇಷ್ಟು ದಿನವಾದರೂ ಒಳಗೆ ಒಣಗಿರಲಿಲ್ಲ. ಬೆರಳಿನ ಗುರುತು ಹಾಗೇ ಮೂಡಿತು. ತಲೆ ತಗ್ಗಿಸಿಕೊಂಡು ಅದನ್ನು ಹೊತ್ತು ಅಂಗಡಿಗೆ ನಡೆದ.

ಆ ಭಾನುವಾರ ಪಾಲಕರು ಕರೆದಾಗ ಎದ್ದು ನಿಂತವನು ಬಾಯಿ ತೆರೆದ, ಮುಚ್ಚಿದ, ಕೂತುಬಿಟ್ಟ. "ಮೈಕ್ ಕೆಟ್ಟೋಯ್ತು," ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಮೊದಲಿನ ಮೈಕ್ ಮಾವನಾಗಿದ್ದರೆ ಆ ಮಾತಿಗೆ ನಿದ್ದೆಗೆಡುತ್ತಿದ್ದ. ಈಗ ಕಿವಿಗೆ ಬಿದ್ದರೂ ಎದೆಗೆ ತಾಗಲಿಲ್ಲ.

ದಿನದ ಕೆಲಸ ಮುಗಿದ ಮೇಲೆ ತೊಟ್ಟಿಲನ್ನು ಕೆರೆಯಲು ಕೂರುತ್ತಿದ್ದ. ಬ್ಲೇಡಿಗೆ ಮೆತ್ತಿದ ಅಂಟಿನ ಜೊತೆ ಆ ಎಳೆಗಳೂ ಬರುತ್ತಿದ್ದವು. ಒಂದೊಂದನ್ನೇ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮೊದಲ ಎಳೆ ಕೈಗೆ ಬಂದಾಗ ದುಃಖ ಒತ್ತರಿಸಿ ಬಂತು. ಬ್ಲೇಡು ಕೆಳಗಿಟ್ಟು ಅತ್ತ. "ಕರ್ತನೇ," ಅನ್ನುತ್ತಿದ್ದ. ಅದರ ಮುಂದೆ ಏನೂ ಬರುತ್ತಿರಲಿಲ್ಲ. ಏನಾದರೂ ಸೇರಿಸಲು ನಾಚಿಕೆಯಾಗುತ್ತಿತ್ತು. ಆ ಒಂದೇ ಮಾತು ಹಿಡಿದುಕೊಂಡು ಕೆರೆಯುತ್ತಿದ್ದ.

ಅಪ್ಪ ಮಂಕಾಗಿದ್ದಾನೆಂದು ಯಾರೋ ಹೇಳಿರಬೇಕು, ಒಂದು ಸಂಜೆ ಮಗಳು ಅಂಗಡಿಗೆ ಬಂದಳು. ತೊಟ್ಟಿಲು ಬರಿಯ ಮರವಾಗಿ ನಿಂತಿತ್ತು. ಹಳೆಯ ಮೊಳೆಯ ತೂತು, ಬಿರುಕು ಎಲ್ಲ ಕಾಣುತ್ತಿತ್ತು. ಅಂಚಿನ ಮೇಲೆ ಕೈಯಾಡಿಸಿದಳು.

"ಪಾಲಿಶ್ ಹಾಕಲ್ವಾ?"

"ಇಲ್ಲ."

"ಪ್ರಾರ್ಥನೆ?"

"ಕರ್ತನೇ ಅಂತೀನಿ. ಆಮೇಲೆ ಬರಲ್ಲ."

ಅವಳು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಅಷ್ಟೇ ಹೇಳಪ್ಪ."

ಹೇಳಿದ. ದನಿ ಬಾಗಿಲವರೆಗೂ ಹೋಗಲಿಲ್ಲ. ಆಮೇಲೆ, ಕೇಳಲೋ ಬೇಡವೋ ಎಂಬಂತೆ ಕೇಳಿದ. "ಮಗು ಯಾರ ಥರ ಇತ್ತು?"

ಅವಳು ಅವನ ಮುಖ ನೋಡಿದಳು.

"ಮೂಗು ನಿಂದೇ ಇತ್ತಪ್ಪ."