ತಪ್ಪಜ್ಜಿ ಮತ್ತು ಕನಸಿನ ಟೀಚರ್

ಆಕೆ ಭಾಷೆ ಕಲಿಸುವ ಟೀಚರ್. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದುದು ‘ಕನಸಿನ ಟೀಚರ್’ ಎಂದು. ಪಾಠದ ನಡುವೆ ಒಂದು ಒಳ್ಳೆಯ ಸಾಲು ಸಿಕ್ಕರೆ ಸಾಕು, ಪುಸ್ತಕವನ್ನು ಎದೆಗೊತ್ತಿಕೊಂಡು ಕಿಟಕಿಯಾಚೆ ನೋಡುತ್ತ ನಿಂತುಬಿಡುತ್ತಿದ್ದರು. ಮಕ್ಕಳೂ ಸುಮ್ಮನೆ ಕಾಯುತ್ತಿದ್ದರು. ಮಧ್ಯಾಹ್ನದ ಬಿಸಿಲು ಬೆಂಚಿನಿಂದ ಬೆಂಚಿಗೆ ಮೆಲ್ಲಗೆ ಸರಿಯುತ್ತಿತ್ತು, ಮೇಲೆ ಫ್ಯಾನು ತೂಕಡಿಸುತ್ತಿತ್ತು.

ಮನೆಯಲ್ಲಿ ಜೊತೆಗಿದ್ದವಳು ಅಕ್ಕ. ಹೊಲಿಗೆ ಕೆಲಸದವಳು, ಬಾಯಿ ಕತ್ತರಿಗಿಂತ ಚುರುಕು. “ನಿನ್ನ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ. ಗೋಡೆಯಾದ್ರೂ ಇದ್ದಲ್ಲೇ ಇರುತ್ತೆ” ಎಂದು ರೇಗಿಸುತ್ತಿದ್ದಳು.

ಆ ವರ್ಷ ಶಾಲೆಗೆ ಟ್ಯಾಬ್‌ಗಳು ಬಂದವು. ಅವುಗಳೊಳಗೆ ಓದು ಕಲಿಸುವ ಒಂದು ಆ್ಯಪ್. ಮಗು ಗಟ್ಟಿಯಾಗಿ ಓದಿದರೆ ಅದು ಕೇಳಿಸಿಕೊಂಡು, ತಪ್ಪು ಹುಡುಕಿ, ನಕ್ಷತ್ರ ಕೊಡುತ್ತಿತ್ತು. ಯಾರಿಗೆ ಎಷ್ಟು ಎಂಬುದು ಗೋಡೆಯ ಪರದೆಯ ಮೇಲೆ ಸಾಲಾಗಿ ಮೂಡುತ್ತಿತ್ತು. ತಪ್ಪು ತೋರಿಸುವ ಅದರ ಅಜ್ಜಿಯಂಥ ದನಿ ಕೇಳಿ ಮಕ್ಕಳು ಅದಕ್ಕೆ ‘ತಪ್ಪಜ್ಜಿ’ ಎಂದು ಹೆಸರಿಟ್ಟರು. ಟೀಚರಿಗೂ ಅದು ಮೊದಲು ಹಿಡಿಸಿತು. ದೃಷ್ಟಿ ಮಂದವಿದ್ದ ಹುಡುಗನೊಬ್ಬ ಅದರಲ್ಲಿ ಅಕ್ಷರಗಳನ್ನು ಬೆರಳಗಲ ಮಾಡಿಕೊಂಡು, ಪಕ್ಕದವನನ್ನು ಕೇಳದೆ ಇಡೀ ಪುಟ ಓದಿದ ದಿನ ಆಕೆಯ ಕಣ್ಣು ತುಂಬಿತ್ತು.

ಆದರೆ ಅದೇ ತರಗತಿಯ ಗುಬ್ಬಿ ಓದುವುದನ್ನೇ ನಿಲ್ಲಿಸಿದಳು. ಮನೆಯವರು ಮುದ್ದಿಗೆ ಇಟ್ಟ ಹೆಸರು ಅದು. ಮಾತು ಉಗ್ಗುವ ಹುಡುಗಿ. ಅವಳು “ನ-ನ-ನದಿ” ಎಂದರೆ ತಪ್ಪಜ್ಜಿಯ ಲೆಕ್ಕದಲ್ಲಿ ಅದು ನದಿಯೇ ಅಲ್ಲ. ಪರದೆಯ ಮೇಲೆ ಅವಳ ಹೆಸರು ಯಾವಾಗಲೂ ತಳದಲ್ಲಿ. ಬರಬರುತ್ತ ಹಾಜರಿ ಕೂಗಿದಾಗಲೂ ಅವಳು ಬರೀ ಕೈ ಎತ್ತತೊಡಗಿದಳು.

ಟೀಚರ್ ಒಂದು ಮಧ್ಯಾಹ್ನ ಟ್ಯಾಬ್ ಮುಂದೆ ತಾವೇ ಕೂತರು. ತಮಗಿಷ್ಟವಾದ ಪದ್ಯವೊಂದನ್ನು ತಮ್ಮದೇ ರೀತಿಯಲ್ಲಿ, ಸಾಲುಸಾಲಿಗೂ ನಿಂತು, ಉಸಿರಾಡುತ್ತ ಓದಿದರು.

“ವೇಗ ಸಾಲದು. ಎರಡು ನಕ್ಷತ್ರ. ಮತ್ತೊಮ್ಮೆ ಪ್ರಯತ್ನಿಸು” ಎಂದಿತು ತಪ್ಪಜ್ಜಿ.

ತರಗತಿ ಬಿದ್ದುಬಿದ್ದು ನಕ್ಕಿತು. ಗುಬ್ಬಿಯೂ ನಕ್ಕಳು. ಜೊತೆಗೆ ನಗಲು ಹೊರಟ ಟೀಚರ್ ಅವಳ ಮುಖ ನೋಡಿ ಅರ್ಧಕ್ಕೇ ನಿಂತರು. ಅವಳು ನಕ್ಕು ಎಷ್ಟು ಕಾಲವಾಗಿತ್ತು!

ಶಾಲೆ ಬಿಟ್ಟ ಮೇಲೆ ಟೀಚರ್ ಹೆಡ್ ಮೇಡಂ ಅವರ ಕೋಣೆಗೆ ಹೋಗಿ, ತಪ್ಪಜ್ಜಿ ನಕ್ಷತ್ರ ಕೊಡುವುದು ಬೇಡ ಎಂದರು.

“ಅಷ್ಟೊಂದು ಮಕ್ಕಳ ಓದು ನೀವೊಬ್ರೇ ಕೇಳೋಕಾಗುತ್ತೇನ್ರೀ?” ಎಂದರು ಹೆಡ್ ಮೇಡಂ. “ಅದಕ್ಕೆ ಬೇಜಾರಿಲ್ಲ, ಪಕ್ಷಪಾತಾನೂ ಇಲ್ಲ.”

“ಪಕ್ಷಪಾತ ಇದೆ ಮೇಡಂ. ಸರಾಗವಾಗಿ ಮಾತಾಡೋರ ಕಡೆ ಇದೆ.”

“ಹಾಗಾದ್ರೆ ವಾಪಸ್ ಕಳಿಸ್ಬಿಡೋಣ್ವಾ?”

“ಬೇಡ, ಅಭ್ಯಾಸಕ್ಕೆ ಇರ್ಲಿ. ಮಾರ್ಕ್ಸ್ ಕೊಡೋ ಕೆಲಸ ನನ್ನದು. ಆ ಪರದೆ ಮೇಲಿನ ಸಾಲು ತೆಗೆಸಿ. ಮತ್ತೆ... ಮಕ್ಕಳ ದನಿಯೆಲ್ಲ ಅದರೊಳಗೆ ಉಳ್ಕೊಳ್ತಿದೆ. ಇಟ್ಕೋಬಹುದಾ ಅಂತ ಮಕ್ಕಳನ್ನಾಗ್ಲಿ, ಮನೆಯವರನ್ನಾಗ್ಲಿ ಒಂದು ಮಾತು ಕೇಳಿದ್ವಾ?”

ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. “ಕೇಳಿಲ್ಲ” ಎಂದರು ಕೊನೆಗೆ. “ಕೇಳ್ಬೇಕಿತ್ತು.”

ಮರುವಾರ ಪರದೆ ಖಾಲಿಯಾಯಿತು. ನಕ್ಷತ್ರಗಳು ನಿಂತವು. ಮನೆಯವರನ್ನು ಕರೆಸಿ ಒಪ್ಪಿಗೆ ಕೇಳಿದರು. ದನಿ ಮುದ್ರಿಸಿಕೊಳ್ಳುವುದು, ಕೇಳುವುದು, ಅಳಿಸುವುದು ಇನ್ನು ಮಕ್ಕಳ ಕೈಯಲ್ಲೇ. ಎಲ್ಲವೂ ಸುಸೂತ್ರವಾಗಲಿಲ್ಲ. ಮೊದಲ ಸ್ಥಾನದಲ್ಲಿದ್ದವಳ ಅಮ್ಮ ಬಂದು, “ನಮ್ಮವಳ ನಕ್ಷತ್ರಕ್ಕೆ ಯಾಕ್ರೀ ಕಣ್ಣು ಹಾಕಿದ್ರಿ?” ಎಂದು ಜಗಳವಾಡಿ ಹೋದರು.

ಗುಬ್ಬಿ ಬಹಳ ದಿನ ಟ್ಯಾಬ್ ಮುಟ್ಟಲಿಲ್ಲ. ಆಮೇಲೆ ಬಿಡುವಿನ ವೇಳೆಯಲ್ಲಿ ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ಅದಕ್ಕೆ ಪಿಸುಗುಟ್ಟತೊಡಗಿದಳು. ಒಂದು ದಿನ ಟ್ಯಾಬನ್ನು ತಂದು ಮೇಜಿನ ಮೇಲಿಟ್ಟು, “ಎ-ಎಲ್ರಿಗೂ ಕೇಳಿಸ್ಲಾ?” ಎಂದಳು.

ಅವಳೇ ಓದಿ ದನಿ ಮುದ್ರಿಸಿದ್ದ, ಹೊಳೆಯ ಬಗ್ಗೆ ಒಂದು ಪುಟ್ಟ ಪಾಠ. ಮಾತು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹರಿಯುತ್ತಿತ್ತು. ಯಾರೂ ನಗಲಿಲ್ಲ. ಕೋಣೆಯೇ ನೀರಿನಡಿ ಮುಳುಗಿದಂತೆ ನಿಶ್ಶಬ್ದವಾಗಿ, ಆ ದನಿಯೊಂದೇ ತೇಲುತ್ತಿತ್ತು. ಒಂದೊಂದು ನಿಲುಗಡೆಯಲ್ಲೂ ಮಕ್ಕಳು ಮುಂದಿನ ಪದಕ್ಕಾಗಿ ಬಾಗಿ ಕಾದರು.

ಟೀಚರಿಗೆ ಆಸೆಯಾಯಿತು. “ಇದನ್ನ ನಾನು ಇಟ್ಕೊಳ್ಳಲಾ ಪುಟ್ಟಾ? ಬೇರೆ ಮಕ್ಕಳಿಗೂ ಕೇಳಿಸ್ಬಹುದು.”

ಗುಬ್ಬಿ ತಲೆ ಅಡ್ಡಡ್ಡ ಅಲ್ಲಾಡಿಸಿದಳು. “ಬೇ-ಬೇಡ ಟೀಚರ್. ಇದು ಇಲ್ಲಿರೋರಿಗೆ ಮಾತ್ರ.”

ಟೀಚರ್ ಮತ್ತೆ ಕೇಳಲಿಲ್ಲ. “ಸರಿ” ಎಂದು ಟ್ಯಾಬನ್ನು ಅವಳತ್ತ ಸರಿಸಿದರು. ಗುಬ್ಬಿ ತಾನೇ ಅಳಿಸಿದಳು.

ಸಂಜೆ ಮನೆಗೆ ಬಂದಾಗ ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. “ಏನೇ, ಒಬ್ಳೇ ನಗ್ತಿದ್ದೀಯಾ? ಏನಾಯ್ತು?”

“ಹೇಳೋ ಹಾಗಿಲ್ಲ ಅಕ್ಕ” ಎಂದರು ಟೀಚರ್. ಕಿವಿಯೊಳಗೆ ಹೊಳೆ ತಡೆತಡೆದು ಹರಿಯುತ್ತಲೇ ಇತ್ತು.