ಹೊರಟ ಸಮಯ

ನನ್ನ ಅಕ್ಷರ ದುಂಡಗಿದೆ. ಜಂಬದಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಾಲ್ಕು ಗೆರೆಯ ಕಾಪಿಪುಸ್ತಕದಲ್ಲಿ ದಿನಕ್ಕೊಂದು ಪುಟ ಬರೆಸಿ ನನಗೆ ಕೊಟ್ಟ ಆಸ್ತಿ ಅದು. ಅಮೆರಿಕದ ಮಾರಿಸ್‌ವಿಲ್ಲಿಗೆ ಬಂದ ಮೇಲೆ ಅದರ ಉಪಯೋಗವೇನಿದ್ದರೂ ಸಾಮಾನಿನ ಚೀಟಿಗೆ, ಮಕ್ಕಳ ಶಾಲೆಗೆ ಬರೆಯುವ ರಜೆಯ ಪತ್ರಕ್ಕೆ. ಒಂದೇ ಒಂದು ಸಲ ಬೇರೆ ಕೆಲಸಕ್ಕೆ ಬಂತು. ಬರದಿದ್ದರೆ ಚೆನ್ನಾಗಿತ್ತು.

ನಮ್ಮ ಟೌನ್‌ಹೌಸ್ ಸಾಲಿನ ಮೂರನೆಯ ಮನೆ ಉಡುಪಿಯ ವಸಂತಕ್ಕನದು. ಅವರು ಲೈಸೆನ್ಸ್ ಇರುವ ಸೋಶಿಯಲ್ ವರ್ಕರ್. ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಿ ಮರಳಿ ಬಂದವರನ್ನು ಮನೆಗೇ ಹೋಗಿ ನೋಡುವುದು ಅವರ ಕೆಲಸ. ಯಾರ ಮನೆ, ಏನು ಕಥೆ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ನನ್ನಂಥವಳು ಚಹಾ ಕುಡಿಸಿ ಕೇಳಿದರೂ ಇಲ್ಲ.

ಈ ಲೈಸೆನ್ಸು ಒಮ್ಮೆ ಸಿಕ್ಕಿದರೆ ಮುಗಿಯಿತೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಇಷ್ಟು ಗಂಟೆ ಹೊಸದಾಗಿ ಕಲಿತಿದ್ದೇನೆಂದು ತೋರಿಸಬೇಕು. ಅದರಲ್ಲಿ ಕೆಲವು ಗಂಟೆ ವೃತ್ತಿಯ ನೀತಿಯ ಪಾಠವೇ ಆಗಿರಬೇಕು. ಇಪ್ಪತ್ತು ವರ್ಷ ಅನುಭವವಿರುವ ವಸಂತಕ್ಕನೂ ಕಾಲೇಜು ಹುಡುಗಿಯಂತೆ ಬ್ಯಾಗಿನಲ್ಲಿ ನೋಟ್‌ಬುಕ್ ಇಟ್ಟುಕೊಂಡು ಹೊರಡುವುದನ್ನು ಕಂಡು ನನಗೆ ನಗು ಬರುತ್ತಿತ್ತು. ಆಮೇಲೆ ಯೋಚನೆಯೂ ಬಂತು. ಗೃಹಿಣಿಗೆ ಇಂಥ ನಿಯಮವಿದ್ದಿದ್ದರೆ? ತಾಯಿಯಾಗಿ ನಾನು ಕಳೆದೆರಡು ವರ್ಷದಲ್ಲಿ ಹೊಸದಾಗಿ ಕಲಿತದ್ದೇನೆಂದು ಯಾರಾದರೂ ಕೇಳಿದರೆ, ಮೈಕ್ರೋವೇವಿನಲ್ಲಿ ಹಪ್ಪಳ ಸುಡುವುದನ್ನು ಬಿಟ್ಟು ತೋರಿಸಲು ಏನಿತ್ತು?

ಆ ಜೂನಿನಲ್ಲಿ ವಸಂತಕ್ಕನಿಗೆ ನೀತಿಯ ಪಾಠವೊಂದೇ ಬಾಕಿ ಇತ್ತು. ತಿಂಗಳ ಕೊನೆಯೊಳಗೆ ಅದು ಮುಗಿಯದಿದ್ದರೆ ಒಂದನೆಯ ತಾರೀಕಿನಿಂದ ಅವರು ಯಾರ ಮನೆಯ ಬಾಗಿಲನ್ನೂ ತಟ್ಟುವಂತಿಲ್ಲ. ಅವರ ಕಾರು ರಿಪೇರಿಗೆ ಹೋಗಿದ್ದರಿಂದ ಪಕ್ಕದ ಊರು ಡರ್‌ಹ್ಯಾಮಿನ ಆ ತರಗತಿಗೆ ನಾನೇ ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಹಿಂದಿನ ಸಾಲಿನಲ್ಲಿ ಕೂರಬಹುದೆಂದು ಪಾಠ ಮಾಡುವ ಹೆಂಗಸು ಹೇಳಿದರು. ನಾನು ಕ್ರೋಶಾ ಹೆಣಿಗೆ ಹಿಡಿದು ಕೂತೆ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಹಾಳೆ. ಹೆಸರು, ಲೈಸೆನ್ಸ್ ನಂಬರ್, ಬಂದ ಸಮಯ, ಹೊರಟ ಸಮಯ, ಸಹಿ. ಬರುವಾಗಲೂ ಹೋಗುವಾಗಲೂ ಬರೆದರೆ ಮಾತ್ರ ಸರ್ಟಿಫಿಕೇಟ್.

ಒಂದು ಗಂಟೆಯೂ ಕಳೆದಿರಲಿಲ್ಲ. ವಸಂತಕ್ಕ ಫೋನ್ ಹಿಡಿದು ಹೊರಗೆ ಹೋದವರು ಬಗ್ಗಿಕೊಂಡು ನನ್ನ ಹತ್ತಿರ ಬಂದರು.

“ಫ್ಲೇವಿ, ಕಾರಿನ ಕೀ ಕೊಡು. ಒಬ್ಬರು ಬಾತ್‌ರೂಮಿನಲ್ಲಿ ಚಿಲಕ ಹಾಕಿ ಕೂತಿದ್ದಾರಂತೆ. ನಾನೇ ಬರ್ಬೇಕಂತೆ.”

“ನಿಮ್ಮ ಕ್ಲಾಸು?”

“ಕ್ಲಾಸಿಗೆ ಎಂತ ಮಾಡುದು ಮಾರಾಯ್ತಿ, ಮೊದಲು ಕೀ ಕೊಡು.”

ಹೋಗುವ ಅವಸರದಲ್ಲಿ ಹಾಳೆಯ ಕಡೆ ನೋಡಲಿಲ್ಲ. ಉಳಿದ ಪಾಠವನ್ನು ನಾನು ಕೇಳಿದೆ, ವಸಂತಕ್ಕನ ಪಾಲಿನದನ್ನೂ ಸೇರಿಸಿ ಕೇಳಿದೆ ಎನ್ನಬೇಕು. ಮುಗಿದಾಗ ಎಲ್ಲರೂ ಸಾಲುಗಟ್ಟಿದರು. ಶಾಲೆಯಲ್ಲಿ ಗೆಳತಿ ಬರದ ದಿನ ನಾನು ಕಂಠ ಬದಲಿಸಿ “ಪ್ರೆಸೆಂಟ್, ಸಿಸ್ಟರ್” ಎಂದವಳು. ಅದು ಸುಳ್ಳೆಂದು ಆಗಲೂ ಅನಿಸಿರಲಿಲ್ಲ, ಸ್ನೇಹವೆಂದೇ ಅನಿಸಿತ್ತು. ಸಾಲಿನಲ್ಲಿ ನಿಂತೆ, ವಸಂತಕ್ಕನ ಹೆಸರಿನ ಮುಂದೆ ಹೊರಟ ಸಮಯ ಬರೆದೆ, ನನ್ನ ದುಂಡು ಅಕ್ಷರದಲ್ಲಿ ಅವರ ಸಹಿ ಹಾಕಿದೆ, ಮೇಜಿನ ಮೇಲೆ ಹೆಸರು ಬರೆದಿಟ್ಟಿದ್ದ ಅವರ ಸರ್ಟಿಫಿಕೇಟನ್ನು ಮಡಿಸದೆ ಜೋಪಾನವಾಗಿ ತಂದೆ.

ಅರ್ಧ ಗಂಟೆಯ ಮೇಲೆ ವಸಂತಕ್ಕ ಬಂದರು. ಕುರ್ತಾದ ಅಂಚು ಒದ್ದೆಯಾಗಿತ್ತು. ಸುಸ್ತಾಗಿದೆ, ನೀನೇ ಓಡಿಸು ಎಂದರು. ಹೆದ್ದಾರಿ ಸೇರಿದ ಮೇಲೆ ಸರ್ಟಿಫಿಕೇಟನ್ನು ಅವರ ತೊಡೆಯ ಮೇಲಿಟ್ಟೆ.

“ಇದಕ್ಕೆ ಸಹಿ ಯಾರು ಹಾಕಿದ್ದು?”

“ನಾನೇ. ನಿಮ್ಮದಕ್ಕಿಂತ ಚಂದ ಬಂದಿದೆ.”

ಅವರು ನಗಲಿಲ್ಲ. “ಮುಂದಿನ ಎಕ್ಸಿಟ್‌ನಲ್ಲಿ ವಾಪಸ್ ತಿರುಗಿಸು.”

“ಯಾರಿಗೆ ಗೊತ್ತಾಗ್ತದೆ ವಸಂತಕ್ಕ? ನೀವೆಂತ ಸಿನೆಮಾಕ್ಕೆ ಹೋದದ್ದಾ?”

ಅವರು ಸರ್ಟಿಫಿಕೇಟನ್ನು ಮಗುಚಿ ಹಾಕಿದರು. “ಆ ಬಾಗಿಲ ಹೊರಗೆ ನೆಲದಲ್ಲಿ ಕೂತು ಇಷ್ಟು ಹೊತ್ತು ನಾನು ಹೇಳಿದ್ದು ಒಂದೇ. ನಾನು ನಿಮಗೆ ಯಾವತ್ತೂ ಸುಳ್ಳು ಹೇಳ್ಲಿಲ್ಲ, ಬಾಗಿಲು ತೆಗೀರಿ ಅಂತ. ಅದನ್ನು ನಂಬಿ ತೆಗೆದರು, ಫ್ಲೇವಿ.”

ನಾನು ಕಾರು ತಿರುಗಿಸಿದೆ.

ಪಾಠದ ಹೆಂಗಸು ಒಬ್ಬರೇ ಕುರ್ಚಿ ಜೋಡಿಸುತ್ತಿದ್ದರು. ಬರೆದದ್ದು ನಾನು ಎಂದು ನಾನೇ ಹೇಳಿದೆ. ಹೇಳುವಾಗ ಧ್ವನಿ ಹೆಡ್‌ಮಿಸ್ಟ್ರೆಸ್ಸಿನ ಕೋಣೆಯಲ್ಲಿ ನಿಂತ ಹತ್ತು ವರ್ಷದವಳದಾಗಿತ್ತು. ವಸಂತಕ್ಕ ನನ್ನ ಸಹಿಯ ಮೇಲೆ ಒಂದು ಗೆರೆ ಎಳೆದು, ನಿಜವಾಗಿ ಹೊರಟ ಸಮಯವನ್ನು ತಮ್ಮ ಕಾಗೆ ಕಾಲಿನ ಅಕ್ಷರದಲ್ಲಿ ಬರೆದರು. ಆ ಹೆಂಗಸು ಸರ್ಟಿಫಿಕೇಟ್ ಹಿಂದಕ್ಕೆ ತೆಗೆದುಕೊಂಡರು. ನಡೆದದ್ದನ್ನು ನಡೆದಂತೆಯೇ ಲೈಸೆನ್ಸ್ ಕಚೇರಿಗೆ ಬರೆಯಬೇಕಾಗುತ್ತದೆ ಎಂದರು. ತಿಂಗಳ ಕೊನೆಯ ಶನಿವಾರ ದೂರದ ಷಾರ್ಲಟ್ ನಗರದಲ್ಲಿ ಇದೇ ಪಾಠ ಇದೆಯೆಂದೂ ಹೇಳಿದರು.

ಕಚೇರಿಯ ಉತ್ತರಕ್ಕೆ ಕಾದ ಎರಡು ವಾರ ನನಗೆ ಅಡುಗೆಯಲ್ಲಿ ಉಪ್ಪಿನ ಅಳತೆ ತಪ್ಪಿತು. ನಮ್ಮ ಇಗರ್ಜಿಯಲ್ಲಿ ಪ್ರತಿ ಈಸ್ಟರಿಗೂ ಮೇಣದ ಬತ್ತಿ ಹಿಡಿದು ಜ್ಞಾನಸ್ನಾನದ ಪ್ರತಿಜ್ಞೆಗಳನ್ನು ಹೊಸದು ಮಾಡುತ್ತೇವೆ. ಕೆಟ್ಟದ್ದನ್ನು ತ್ಯಜಿಸುತ್ತೀರಾ ಎಂದು ಗುರುಗಳು ಕೇಳುತ್ತಾರೆ, ತ್ಯಜಿಸುತ್ತೇವೆ ಎಂದು ನಾನೂ ಎಲ್ಲರೊಡನೆ ಹೇಳುತ್ತೇನೆ. ಮೇಣ ಕೈಗೆ ಬೀಳದಿರಲೆಂಬ ಕಡೆಗೇ ನನ್ನ ಗಮನವೆಲ್ಲ. ಒಂದು ಸಲವೂ ಅದನ್ನು ಕಲಿಕೆಯೆಂದು ಎಣಿಸಿರಲಿಲ್ಲ.

ಕಚೇರಿಯಿಂದ ಪತ್ರ ಬಂತು: ಒಪ್ಪಿಕೊಂಡದ್ದನ್ನು ಗಮನಿಸಲಾಗಿದೆ, ಬಾಕಿ ಪಾಠ ಗಡುವಿನೊಳಗೆ ಮುಗಿಯಲಿ, ಅಷ್ಟೇ. ಅದನ್ನು ಓದಿ ವಸಂತಕ್ಕ ಕಾಲು ಚಾಚಿ ಕೂತರು. ಅವರ ಕಾರು ರಿಪೇರಿಯಾಗಿ ಬಂದಿದ್ದರೂ ಷಾರ್ಲಟ್‌ಗೆ ಓಡಿಸಿದ್ದು ನಾನೇ. ದಾರಿಯುದ್ದಕ್ಕೂ ಅವರು ಫೋನ್ ಬಾರದಿರಲೆಂದು ಹಾರೈಸುತ್ತಿದ್ದರು. ಬಾರಲಿಲ್ಲ.

ಅಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕೂತೆ. ಒಳಗೆ ಬಂದವರೆಲ್ಲ ಹಾಳೆಯಲ್ಲಿ ಬರೆಯಬೇಕೆಂದರು. ನನ್ನ ಹೆಸರು ಬರೆದೆ. ಲೈಸೆನ್ಸ್ ನಂಬರಿನ ಜಾಗದಲ್ಲಿ ಒಂದು ಗೆರೆ ಎಳೆದೆ.

ನಾಲ್ಕಕ್ಕೆ ಮುಗಿಯಬೇಕಾದ ಪಾಠ ಕೊಂಚ ತಡವಾಯಿತು. ನನ್ನ ಮುಂದಿನವರೆಲ್ಲ ‘ನಾಲ್ಕು’ ಎಂದೇ ಬರೆದಿದ್ದರು. ನಾನು ಗೋಡೆಯ ಗಡಿಯಾರ ನೋಡಿ ‘ನಾಲ್ಕು ಗಂಟೆ ನಾಲ್ಕು ನಿಮಿಷ’ ಎಂದು ಬರೆದೆ.

ಹಿಂದೆ ನಿಂತಿದ್ದ ವಸಂತಕ್ಕ ನನ್ನ ಭುಜದ ಮೇಲಿಂದ ಇಣುಕಿದರು.

“ಅಕ್ಷರ ಚಂದ ಉಂಟು,” ಎಂದರು.